‘ಬರೀ 14 ಸಾವಿರ ಕಿಲೋಮೀಟರ್ ಓಡಿದೆ!’: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ ಏನೇನು ನೋಡಬೇಕು?

‘ಸಿಂಗಲ್ ಓನರ್. ಬರೀ 14 ಸಾವಿರ ಕಿಲೋಮೀಟರ್. ಭಾನುವಾರ ಮಾತ್ರ ಹೊರಗೆ ತೆಗೆದದ್ದು. ಹೊಸ ಪೋರ್ಶೆಯ ಕಾಲು ಭಾಗ ಬೆಲೆಗೆ. ಬೇಗ ಕಾಲ್ ಮಾಡಿ.’

ಇಂಥದ್ದೊಂದು ಮೆಸೇಜು, ಜೊತೆಗೆ ಫಳಫಳ ಹೊಳೆಯುವ ಕೆಂಪು ಕಾರಿನ ನಾಲ್ಕು ಫೋಟೋ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಹೆಚ್ಚಿನವರು ನೋಡಿ ಇನ್ನೊಂದು ಗುಂಪಿಗೆ ಕಳಿಸಿ ಸುಮ್ಮನಾಗುತ್ತಾರೆ. ಕೆಲವರು ಮಾತ್ರ ಬೆಲೆ ನೋಡಿ ಒಂದು ಕ್ಷಣ ತಡೆಯುತ್ತಾರೆ. ‘ಹೊಸ ಎಸ್‌ಯುವಿಗೆ ಕೊಡೋ ದುಡ್ಡಲ್ಲಿ ಪೋರ್ಶೆ ಸಿಗುತ್ತಾ?’

ಸಿಗುತ್ತದೆ. ಹತ್ತು ಹದಿನೈದು ವರ್ಷ ಹಳೆಯ ಸ್ಪೋರ್ಟ್ಸ್ ಕಾರುಗಳ ಬೆಲೆ ಅಷ್ಟು ಇಳಿದಿರುವುದು ನಿಜವೇ. ಆದರೆ ಆ ಮೆಸೇಜಿನಲ್ಲಿ ಒಂದು ನಂಬಿಕೆ ಅಡಗಿದೆ: ಕಾರು ಕಡಿಮೆ ಓಡಿದ್ದರೆ ಅದು ಹೊಸದರಂತೆಯೇ ಇರುತ್ತದೆ. ದಿನಾ ಆಫೀಸಿಗೆ ಹೋಗುವ ಮಾಮೂಲಿ ಕಾರಿನ ವಿಷಯದಲ್ಲಿ ಇದು ಅರ್ಧ ನಿಜ. ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಹಲವು ಸಲ ಇದು ತಲೆಕೆಳಗು. ಇಂಥ ಮೆಸೇಜುಗಳಲ್ಲಿ ಮತ್ತು ಮಾರುವವರ ಬಾಯಲ್ಲಿ ಹೆಚ್ಚಾಗಿ ಕೇಳುವ ಆರು ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮಾತು 1: ‘ಹೆಚ್ಚು ಓಡಿಲ್ಲ, ಹಾಗಾಗಿ ಏನೂ ಸವೆದಿಲ್ಲ’

ಕಾರು ಓಡಿದಾಗ ಮಾತ್ರ ಸವೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕೆಲವು ಭಾಗಗಳು ಓಟಕ್ಕೆ ಸವೆಯುತ್ತವೆ. ಕೆಲವು ಬಿಸಿಗೆ ಹಾಳಾಗುತ್ತವೆ. ಇನ್ನು ಕೆಲವು ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಹಳೆಯದಾಗುತ್ತವೆ.

ಬ್ರೇಕ್ ಆಯಿಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ‘ಡಾಟ್ 4’ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದಕ್ಕಿರುವ ಮಿತಿ 155 ಡಿಗ್ರಿ ಮಾತ್ರ. ನಂದಿ ಬೆಟ್ಟದ ತಿರುವುಗಳಲ್ಲಿ ಇಳಿಯುತ್ತಾ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಈ ಆಯಿಲ್ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ಆಗ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಇದನ್ನು ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು, ಕಾರು ಎಷ್ಟೇ ಕಡಿಮೆ ಓಡಿರಲಿ.

ಟೈರುಗಳದ್ದೂ ಇದೇ ಕಥೆ. ರಬ್ಬರು ವರ್ಷ ಕಳೆದಂತೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮೇಲಿನ ಗೀರುಗಳು ಹೊಸದರಷ್ಟೇ ಆಳವಾಗಿ ಕಾಣುವುದರಿಂದ ಮೋಸಹೋಗುವುದು ಸುಲಭ. ಟೈರಿನ ಪಕ್ಕದ ಗೋಡೆಯಲ್ಲಿ ‘ಡಿಒಟಿ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿಗಳೇ ಟೈರಿನ ಜನ್ಮದಿನ. 2316 ಎಂದಿದ್ದರೆ ಅದು 2016ನೇ ಇಸವಿಯ 23ನೇ ವಾರ ತಯಾರಾದದ್ದು. 6 ವರ್ಷ ದಾಟಿದ ಟೈರ್ ಬೇಡ ಎಂದು ಹಲವು ಕಾರು ಕಂಪನಿಗಳು ಹೇಳುತ್ತವೆ. ಎಷ್ಟೇ ಚೆನ್ನಾಗಿ ಕಂಡರೂ 10 ವರ್ಷಕ್ಕೆ ತೆಗೆದುಬಿಡಿ ಎನ್ನುತ್ತವೆ ಟೈರ್ ಕಂಪನಿಗಳು.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವ ಹಾಗಿಲ್ಲ. ‘ಫಾಸ್ಟ್ ಅಂಡ್ ಫ್ಯೂರಿಯಸ್’ ಸಿನಿಮಾಗಳ ನಟ ಪಾಲ್ ವಾಕರ್ 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅವರಿದ್ದದ್ದು 2005ರ ಪೋರ್ಶೆ ಕರೆರಾ ಜಿಟಿಯಲ್ಲಿ, ಓಡಿಸುತ್ತಿದ್ದವರು ಅವರ ಗೆಳೆಯ. ಸುಮಾರು 72 ಕಿಲೋಮೀಟರ್ ವೇಗಮಿತಿಯ ರಸ್ತೆಯಲ್ಲಿ ಕಾರು ಗಂಟೆಗೆ ಸುಮಾರು 130ರಿಂದ 150 ಕಿಲೋಮೀಟರ್ ವೇಗದಲ್ಲಿತ್ತು. ಅತಿವೇಗವೇ ಅಪಘಾತಕ್ಕೆ ಕಾರಣ ಎಂದು ತನಿಖೆ ಹೇಳಿತು. ಅದರ ಜೊತೆ ಇನ್ನೊಂದು ಅಂಶವನ್ನೂ ದಾಖಲಿಸಿತು: ಕಾರಿನ ಟೈರುಗಳಿಗೆ 9 ವರ್ಷ ವಯಸ್ಸಾಗಿತ್ತು, ಕಾರು ಚಾಲಕನ ಹಿಡಿತದಲ್ಲಿ ಉಳಿಯದಿರಲು ಅದೂ ಕಾರಣವಾಗಿರಬಹುದು. 600 ಕುದುರೆಶಕ್ತಿ ದಾಟಿದ ಎಂಜಿನ್ ಇದ್ದರೂ ನೆಲವನ್ನು ಹಿಡಿದಿರುವುದು ನಾಲ್ಕು ಅಂಗೈಯಷ್ಟು ರಬ್ಬರು ಮಾತ್ರ.

ಹೀಗಾಗಿ 14 ವರ್ಷದಲ್ಲಿ 14 ಸಾವಿರ ಕಿಲೋಮೀಟರ್ ಓಡಿದ ಕಾರಿಗಿಂತ, ಅದೇ ಅವಧಿಯಲ್ಲಿ 50 ಸಾವಿರ ಓಡಿ ಪ್ರತಿ ವರ್ಷ ತಪ್ಪದೆ ಸರ್ವಿಸ್ ಆದ ಕಾರು ಹೆಚ್ಚಿನ ಸಲ ಒಳ್ಳೆಯ ಆಯ್ಕೆ. ಮಾರುವವರನ್ನು ‘ಎಷ್ಟು ಓಡಿದೆ’ ಎಂದು ಕೇಳುವ ಮೊದಲು ‘ಬಿಲ್ಲುಗಳು ಎಲ್ಲಿವೆ’ ಎಂದು ಕೇಳಿ.

ಮಾತು 2: ‘ಮೀಟರಿನಲ್ಲೇ ಇದೆಯಲ್ಲ, ನೋಡಿ’

ಓಡೋಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಡಿಜಿಟಲ್ ಕಾಲದಲ್ಲೂ ನಡೆಯುತ್ತದೆ. ಒಂದು ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ಸಾಕು. ಆದರೆ ಈಗಿನ ಕಾರಿನಲ್ಲಿ ನೆನಪಿನ ಪೆಟ್ಟಿಗೆ ಒಂದೇ ಇರುವುದಿಲ್ಲ.

ಪೋರ್ಶೆಯಂಥ ಕಾರಿನ ಎಂಜಿನ್ ಕಂಪ್ಯೂಟರ್ ತಾನು ಒಟ್ಟು ಎಷ್ಟು ಗಂಟೆ ಚಾಲೂ ಇದ್ದೆ ಎಂಬುದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ಆ ಕಂಪನಿಯ ಕಾರುಗಳಿಗೆ ಹೊಂದುವ ಸ್ಕ್ಯಾನರ್ ಜೋಡಿಸಿದರೆ ಅದನ್ನು ಓದಬಹುದು. ಆಮೇಲೆ ಲೆಕ್ಕ ಸುಲಭ: ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. ಉದಾಹರಣೆಗೆ, ಮೀಟರಿನಲ್ಲಿ 14,000 ಕಿಲೋಮೀಟರ್, ಎಂಜಿನ್ ನೆನಪಿನಲ್ಲಿ 2,000 ಗಂಟೆ ಎಂದಿದ್ದರೆ ಕಾರಿನ ಸರಾಸರಿ ವೇಗ ಗಂಟೆಗೆ 7 ಕಿಲೋಮೀಟರ್. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲೇ ಸಂಸಾರ ಹೂಡಿದ್ದ ಕಾರಾದರೂ ಇಷ್ಟು ನಿಧಾನ ಇರಲಾರದು. ಎರಡರಲ್ಲಿ ಒಂದು ಅಂಕಿ ಸುಳ್ಳು ಹೇಳುತ್ತಿದೆ ಎಂದರ್ಥ.

ಅದೇ ಸ್ಕ್ಯಾನರ್ ಇನ್ನೊಂದು ಗುಟ್ಟನ್ನೂ ಹೇಳುತ್ತದೆ: ಎಂಜಿನ್ ತನ್ನ ಮಿತಿ ಮೀರಿ ಎಷ್ಟು ಸಲ ತಿರುಗಿದೆ ಎಂಬುದನ್ನು. ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಮಿತಿ ಮೀರದಂತೆ ಕಂಪ್ಯೂಟರ್ ಇಂಧನ ಕಡಿತ ಮಾಡುತ್ತದೆ. ಆದರೆ ಮ್ಯಾನುಯಲ್ ಗೇರಿನ ಕಾರಿನಲ್ಲಿ ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಅವಸರದಲ್ಲಿ ಎರಡಕ್ಕೆ ಹಾಕಿದರೆ, ಚಕ್ರಗಳೇ ಎಂಜಿನ್ನನ್ನು ಹಿಡಿದು ತಿರುಗಿಸುತ್ತವೆ. ಅದನ್ನು ಯಾವ ಕಂಪ್ಯೂಟರೂ ತಡೆಯಲಾರದು. ಒಂದೇ ಸೆಕೆಂಡಿನ ಈ ತಪ್ಪು ವಾಲ್ವ್, ಪಿಸ್ಟನ್ನುಗಳಿಗೆ ವರ್ಷಗಳಷ್ಟು ಪೆಟ್ಟು ಕೊಡಬಲ್ಲದು. 997 ಸರಣಿಯ ಪೋರ್ಶೆ 911 ಕಾರುಗಳು ಇಂಥ ಘಟನೆಗಳನ್ನು 6 ಹಂತಗಳಲ್ಲಿ ದಾಖಲಿಸುತ್ತವೆ. ಕೆಳಗಿನ ಹಂತಗಳಲ್ಲಿ ಅಂಕಿ ಇದ್ದರೆ ಯಾರೋ ಹುರುಪಿನಿಂದ ಓಡಿಸಿದ್ದಾರೆ ಎಂದಷ್ಟೇ. ಮೇಲಿನ ಹಂತಗಳಲ್ಲಿ, ಅದೂ ಇತ್ತೀಚಿನ ಗಂಟೆಗಳಲ್ಲಿ ಅಂಕಿ ಕಂಡರೆ ಕೈಮುಗಿದು ಹೊರಟುಬಿಡುವುದು ಲೇಸು.

ಸ್ಕ್ಯಾನ್ ಮಾಡಿಸಲು ಮಾರುವವರು ಒಪ್ಪದಿದ್ದರೆ? ಅದೂ ಒಂದು ಉತ್ತರವೇ.

ಮಾತು 3: ‘ಪೋರ್ಶೆ ಅಲ್ವಾ, ಎಂಜಿನ್ ಬಗ್ಗೆ ಯೋಚನೆಯೇ ಬೇಡ’

ದೊಡ್ಡ ಹೆಸರಿನ ಕಾರಿಗೆ ಕಾಯಿಲೆ ಇರುವುದಿಲ್ಲ ಎಂಬುದು ತಪ್ಪು. ಪ್ರತಿ ಮಾಡೆಲ್ಲಿಗೂ ಅದರದೇ ಒಂದು ಕಾಯಿಲೆ ಇರುತ್ತದೆ. ಕೊಳ್ಳುವವರು ಅದನ್ನು ಮೊದಲೇ ತಿಳಿದಿರಬೇಕು.

1990ರ ದಶಕದ ಕೊನೆಯಲ್ಲಿ ಬಂದ ಮೊದಲ ಬಾಕ್ಸ್‌ಸ್ಟರ್ ಮತ್ತು 996 ಸರಣಿಯ 911 ಕಾರುಗಳನ್ನು ನೋಡಿ. ಅವುಗಳ ಎಂಜಿನ್ ಒಳಗೆ ಒಂದು ನಡು ದಂಡವಿದೆ, ಇಂಟರ್‌ಮೀಡಿಯೆಟ್ ಶಾಫ್ಟ್, ಚುಟುಕಾಗಿ ಐಎಂಎಸ್. ಅದರ ತುದಿಯಲ್ಲೊಂದು ಬೇರಿಂಗ್. ಆ ಬೇರಿಂಗ್ ಮುರಿದರೆ ವಾಲ್ವ್ ಮತ್ತು ಪಿಸ್ಟನ್ನಿನ ತಾಳ ತಪ್ಪಿ ಒಂದಕ್ಕೊಂದು ಬಡಿಯುತ್ತವೆ, ಇಡೀ ಎಂಜಿನ್ ಹಾಳು. ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಇದರ ವಿರುದ್ಧ ಹೂಡಿದ ಮೊಕದ್ದಮೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಅದು 2001ರಿಂದ 2005ರವರೆಗಿನ ಮಾಡೆಲ್ಲುಗಳಿಗೆ ಸಂಬಂಧಿಸಿದ್ದು. ಒಂದೇ ಸಾಲಿನ ಗುಂಡುಗಳಿದ್ದ ಬೇರಿಂಗ್ ಸುಮಾರು ಶೇ 8ರಷ್ಟು ಕಾರುಗಳಲ್ಲಿ ಕೈಕೊಟ್ಟಿತ್ತು ಎಂಬ ಅಂಕಿ ಆ ಸಂದರ್ಭದಲ್ಲಿ ಹೊರಬಂತು. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಾರುಗಳು ಚೆನ್ನಾಗಿಯೇ ಇದ್ದವು. ಆದರೆ ನಿಮಗೆ ಸಿಗುವುದು ಯಾವುದು ಎಂಬುದೇ ಪ್ರಶ್ನೆ.

ಇಲ್ಲೂ ಕಿಲೋಮೀಟರಿನ ನಂಬಿಕೆ ಕೈಕೊಡುತ್ತದೆ. ಈ ಬೇರಿಂಗ್ ಉಳಿಯುವುದು ಶುದ್ಧ ಎಣ್ಣೆಯಿಂದ. ಆಗಾಗ ದೂರ ಓಡಿ, ವರ್ಷಕ್ಕೊಮ್ಮೆ ಆಯಿಲ್ ಬದಲಾದ ಕಾರಿಗಿಂತ, ಹಳೆಯ ಆಯಿಲ್ಲಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಬೇರಿಂಗ್ ಬಗ್ಗೆಯೇ ಪಳಗಿದ ಮೆಕ್ಯಾನಿಕ್‌ಗಳು ಹೆಚ್ಚು ಹೆದರುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಮೂರು. ಬೇರಿಂಗ್ ಬದಲಾಗಿದೆಯೇ? ಅದರ ಬಿಲ್ ಇದೆಯೇ? ಆಯಿಲ್ ಫಿಲ್ಟರ್ ಬಿಚ್ಚಿ ಲೋಹದ ಚೂರುಗಳಿವೆಯೇ ಎಂದು ನೋಡಲು ಬಿಡುತ್ತೀರಾ? 2009ರ ಮಾಡೆಲ್ಲಿನಿಂದ ಬಂದ ಹೊಸ ಎಂಜಿನ್‌ಗಳಲ್ಲಿ ಈ ದಂಡವೇ ಇಲ್ಲ, ಆದ್ದರಿಂದ ಈ ಚಿಂತೆಯೂ ಇಲ್ಲ.

ಅದಕ್ಕೂ ಹಿಂದಿನ ಎಂಜಿನ್‌ಗಳಲ್ಲಿ ಇನ್ನೊಂದು ತೊಂದರೆ ಸಿಲಿಂಡರ್ ಗೋಡೆ ಗೀರುಬೀಳುವುದು. ಎರಡು ಸೈಲೆನ್ಸರ್ ಬಾಯಿಗಳಲ್ಲಿ ಒಂದು ಮಾತ್ರ ಮಸಿಹಿಡಿದಿದ್ದರೆ, ಎಂಜಿನ್ ಬಿಸಿಯಾದ ಮೇಲೂ ಟಕಟಕ ಸದ್ದು ಬರುತ್ತಿದ್ದರೆ, ಆಯಿಲ್ ಬೇಗ ಕಡಿಮೆಯಾಗುತ್ತಿದ್ದರೆ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಒಳಗೆ ನೋಡಿಸಬೇಕು.

ಬೇರೆ ಕಾರಾದರೂ ಕ್ರಮ ಇದೇ. ನೋಡಲು ಹೋಗುವ ಮುನ್ನ ಆ ಮಾಡೆಲ್, ಆ ವರ್ಷ, ಆ ಎಂಜಿನ್ನಿನ ತಿಳಿದ ಕಾಯಿಲೆಗಳ ಪಟ್ಟಿ ಮಾಡಿಕೊಳ್ಳಿ.

ಮಾತು 4: ‘ಹೊಸದರ ಹಾಗೆ ಹೊಳೆಯುತ್ತಿದೆ, ಆಕ್ಸಿಡೆಂಟ್ ಆಗೇ ಇಲ್ಲ’

ಬಣ್ಣ ಹೊಳೆಯುವುದು ಪಾಲಿಷ್‌ನಿಂದ. ಅಡಿಯಲ್ಲಿ ಏನಿದೆ ಎಂದು ಹೇಳುವುದು ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್‌ಗಳ ಆಸುಪಾಸಿನಲ್ಲಿ ಇರುತ್ತದೆ. ಒಂದು ಬಾಗಿಲಿನಲ್ಲಿ ಮಾತ್ರ 600, 800 ಎಂದು ತೋರಿಸಿದರೆ ಅಲ್ಲಿ ಪಟ್ಟಿ ಹಚ್ಚಿ ಮತ್ತೆ ಬಣ್ಣ ಹೊಡೆದಿದ್ದಾರೆ. ಹಲವು ಸ್ಪೋರ್ಟ್ಸ್ ಕಾರುಗಳ ಮೈ ಅಲ್ಯೂಮಿನಿಯಂನದ್ದು, ಹಾಗಾಗಿ ಅದರ ಮೇಲೂ ಓದುವ ಯಂತ್ರವೇ ಬೇಕು.

ಮುಂದಿನದು ನೀರು. 2022ರ ಸೆಪ್ಟೆಂಬರ್‌ನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ವಿಲ್ಲಾಗಳ ಅಂಗಳದಲ್ಲಿ ಕೋಟಿ ಬೆಲೆಯ ಕಾರುಗಳು ಮುಳುಗಿ ನಿಂತ ಫೋಟೋಗಳನ್ನು ನಾವೆಲ್ಲ ಫಾರ್ವರ್ಡ್ ಮಾಡಿದ್ದೆವು. ಅಂಥ ಕಾರುಗಳನ್ನು ವಿಮಾ ಕಂಪನಿ ‘ಪೂರ್ತಿ ನಷ್ಟ’ ಎಂದು ಲೆಕ್ಕಹಾಕಿ ಪರಿಹಾರ ಕೊಟ್ಟ ಮೇಲೆ ಕಾರು ಗುಜರಿಗೇ ಹೋಗಬೇಕೆಂದೇನೂ ಇಲ್ಲ. ಯಾರಾದರೂ ಅಗ್ಗಕ್ಕೆ ಕೊಂಡು, ತೊಳೆದು, ಮತ್ತೆ ಮಾರುಕಟ್ಟೆಗೆ ತರಬಹುದು. ನೆಲಕ್ಕೆ ಹತ್ತಿಕೊಂಡಂತೆ ಇರುವ ಸ್ಪೋರ್ಟ್ಸ್ ಕಾರಿಗೆ ಮೊಣಕಾಲುದ್ದ ನೀರೇ ಪ್ರವಾಹ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಹೊರಗಿನ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಸೀಟಿನ ಅಡಿಯ ಕಂಬಿಗಳಲ್ಲಿ ತುಕ್ಕು ಇದೆಯೇ, ಕಾರ್ಪೆಟ್ ಎತ್ತಿದರೆ ತೇವದ ವಾಸನೆ ಬರುತ್ತದೆಯೇ ಎಂದೂ ನೋಡಿ. ಅಗತ್ಯಕ್ಕಿಂತ ಹೆಚ್ಚು ಸುಗಂಧ ಹೊಡೆದಿದ್ದರೆ ಅದೂ ಒಂದು ಸುಳಿವು.

ಕಾಗದದಲ್ಲೇ ಸಿಗುವ ಸುಳಿವೂ ಒಂದಿದೆ: ವಿಮೆಯ ‘ನೋ ಕ್ಲೇಮ್ ಬೋನಸ್’. ಒಂದೂ ಕ್ಲೇಮ್ ಇಲ್ಲದೆ ವರ್ಷ ಕಳೆದಂತೆ ಇದು ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುತ್ತದೆ. ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ‘ಒಂದು ಗೀರೂ ಬಿದ್ದಿಲ್ಲ’ ಎನ್ನುವ ಎಂಟು ವರ್ಷದ ಕಾರಿನ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ, ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಮಾತು 5: ‘ಬೇರೆ ರಾಜ್ಯದ ನಂಬರ್ ಇದ್ದರೆ ಏನಾಯ್ತು? ಹಾಗೇ ಓಡಿಸಿ’

ಇದು ನಿಜವಾಗಿಯೂ ಕೈಸುಡುವ ಸಲಹೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು, ಅಲ್ಲಿನ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರುಗಳ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ರಿಯಾಯಿತಿ ಇದೆ. ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯಿಂದ ಅಲ್ಲ.

ಸಾರಿಗೆ ಇಲಾಖೆ 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅವುಗಳಲ್ಲಿ ಫೆರಾರಿ, ಪೋರ್ಶೆಗಳೂ ಇದ್ದವು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಒಂದು ಫೆರಾರಿಗೆ ಅದರ ಮಾಲೀಕರು ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ಆದ್ದರಿಂದ ಬೆಲೆ ಮಾತಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ನಿಮ್ಮ ಪಾಲಿನ ತೆರಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿಕೊಳ್ಳಿ. ಮೂಲ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಇಲ್ಲದೆ ಹಣ ಕೊಡಬೇಡಿ.

ಕಾರು ದೇಶದೊಳಗೆ ಬಂದದ್ದು ಹೇಗೆ ಎಂಬುದೂ ಮುಖ್ಯ. 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್ ಇಲಾಖೆ ಕೇರಳದಲ್ಲಿ ‘ಆಪರೇಷನ್ ನುಮ್ಖೋರ್’ ಎಂಬ ಕಾರ್ಯಾಚರಣೆ ನಡೆಸಿ, ಭೂತಾನಿನಿಂದ ಸುಂಕ ತಪ್ಪಿಸಿ ತರಲಾಗಿದೆ ಎಂಬ ಶಂಕೆಯ ಮೇಲೆ ಹಲವು ವಾಹನಗಳನ್ನು ವಶಕ್ಕೆ ಪಡೆಯಿತು. ಇಂಥ ವಾಹನ ಎರಡು ಮೂರು ಕೈ ದಾಟಿದ್ದರೂ, ವಶವಾಗುವಾಗ ನಷ್ಟ ಆಗುವುದು ಆಗ ಯಾರ ಬಳಿ ಇದೆಯೋ ಅವರಿಗೇ. ಆಮದಾದ ಕಾರಾದರೆ ಕಸ್ಟಮ್ಸ್ ಕಾಗದ ನೋಡಿ. ಅದರಲ್ಲಿನ ಚಾಸಿ ಸಂಖ್ಯೆ, ಆರ್‌ಸಿಯಲ್ಲಿನ ಸಂಖ್ಯೆ, ಕಾರಿನ ಮೇಲೆ ಕೊರೆದಿರುವ ಸಂಖ್ಯೆ ಮೂರೂ ಒಂದೇ ಇರಬೇಕು.

ಸರ್ಕಾರದ ‘ಎಂ ಪರಿವಾಹನ್’ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿಯಂಥ ವಿವರ ಸಿಗುತ್ತದೆ. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರಿದ್ದರೆ ಅದು ತೀರಿದೆಯೆಂಬ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೇಳಿ. ಮಾಲೀಕತ್ವ ಬದಲಾಗಲು ಫಾರ್ಮ್ 29 ಮತ್ತು 30 ಬೇಕು.

ಮಾತು 6: ‘ಇಷ್ಟು ಅಗ್ಗಕ್ಕೆ ಇನ್ನೆಲ್ಲೂ ಸಿಗಲ್ಲ, ಈಗಲೇ ಟೋಕನ್ ಕಳಿಸಿ’

ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಕೋಟಿಯ ಕಾರನ್ನು 30 ಲಕ್ಷಕ್ಕೆ ಕೊಂಡರೂ ಅದರ ಬ್ರೇಕು, ಕ್ಲಚ್ಚು, ಸಸ್ಪೆನ್ಷನ್ನಿಗೆ ಬರುವುದು ಕೋಟಿಯ ಕಾರಿನ ಬಿಲ್ಲೇ. ಪೋರ್ಶೆಯಲ್ಲಿ ಬ್ರೇಕ್ ಕ್ಯಾಲಿಪರ್ ಹಳದಿ ಬಣ್ಣದ್ದಿದ್ದರೆ ಸಾಮಾನ್ಯವಾಗಿ ಅವು ಕಾರ್ಬನ್ ಸೆರಾಮಿಕ್ ಬ್ರೇಕುಗಳು. ನಾಲ್ಕೂ ಡಿಸ್ಕ್ ಬದಲಿಸುವ ಖರ್ಚು ಲಕ್ಷಗಳಲ್ಲಿ. ಹಾಗಾಗಿ ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ, ಮೊದಲ ವರ್ಷದ ರಿಪೇರಿಗೆಂದು ಒಂದು ಪಾಲು ಬೇರೆ ಎತ್ತಿಡಿ.

ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ಕಾರೇ ಇಲ್ಲದಿರಬಹುದು. ‘ಪೊಲೀಸರು ಜಪ್ತಿ ಮಾಡಿದ ಕಾರುಗಳ ಹರಾಜು’, ‘ಮಾಲೀಕರಿಗೆ ವರ್ಗಾವಣೆ, ಅರ್ಜೆಂಟ್ ಮಾರಾಟ’ ಎಂದು ಬರುವ ಮೆಸೇಜುಗಳಲ್ಲಿ ಯಾರದೋ ಕಾರಿನ ಫೋಟೋ ಇರುತ್ತದೆ, ಕೊನೆಗೊಂದು ಖಾಸಗಿ ಯುಪಿಐ ನಂಬರ್. ಸರ್ಕಾರ ಅಥವಾ ಬ್ಯಾಂಕಿನ ಹರಾಜಿಗೆ ಪ್ರಕಟಣೆ ಇರುತ್ತದೆ, ವಾಹನ ನೋಡಲು ದಿನ ಗೊತ್ತುಮಾಡಿರುತ್ತಾರೆ, ಠೇವಣಿ ಹೋಗುವುದು ಸಂಸ್ಥೆಯ ಖಾತೆಗೆ. ಕಾರನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಈಗಾಗಲೇ ಕಳಿಸಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ದೂರು ಕೊಡುತ್ತೀರೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಫೋನಿನಲ್ಲಿ ಉಳಿಸಿಕೊಳ್ಳಿ: ಕಾರು ನೋಡಲು ಹೋಗುವ ದಿನದ ಪಟ್ಟಿ

1. ನೀವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದಾಗ ಎಂಜಿನ್ ತಣ್ಣಗಿರಬೇಕು. ಅನೇಕ ದೋಷಗಳು ಬಿಸಿ ಎಂಜಿನ್ನಿನಲ್ಲಿ ಅಡಗಿರುತ್ತವೆ.

2. ಸ್ಟಾರ್ಟ್ ಮಾಡಿದಾಗ ಹೊಗೆ ನೋಡಿ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲಂಟ್ ಎಂಜಿನ್ ಒಳಗೆ ಹೋಗುತ್ತಿರಬಹುದು. ಪೋರ್ಶೆಯಂಥ ಬಾಕ್ಸರ್ ಎಂಜಿನ್‌ಗಳಲ್ಲಿ ಕೆಲವು ದಿನ ನಿಂತ ಮೇಲೆ ಮೊದಲ ಕೆಲವು ಸೆಕೆಂಡ್ ಸ್ವಲ್ಪ ಹೊಗೆ ಬರುವುದು ಸಹಜ.

3. ನಾಲ್ಕೂ ಟೈರುಗಳ ವಾರ, ವರ್ಷ ಬರೆದುಕೊಳ್ಳಿ.

4. ಸರ್ವಿಸ್ ಬಿಲ್ಲುಗಳಲ್ಲಿನ ಕಿಲೋಮೀಟರುಗಳನ್ನು ದಿನಾಂಕದ ಪ್ರಕಾರ ಜೋಡಿಸಿ. ಅಂಕಿ ಎಲ್ಲೂ ಹಿಂದಕ್ಕೆ ಹೋಗಿರಬಾರದು, ವರ್ಷಗಟ್ಟಲೆ ಖಾಲಿ ಜಾಗವೂ ಇರಬಾರದು.

5. ಬ್ರೇಕ್ ಆಯಿಲ್, ಎಂಜಿನ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿತು ಎಂದು ಬಿಲ್ಲಿನಲ್ಲಿ ನೋಡಿ.

6. ಸ್ಕ್ಯಾನರ್‌ನಲ್ಲಿ ಎಂಜಿನ್ ಗಂಟೆ ಮತ್ತು ಮಿತಿ ಮೀರಿದ ದಾಖಲೆ ಓದಿಸಿ.

7. ಬಣ್ಣದ ದಪ್ಪ, ಸೀಟ್ ಬೆಲ್ಟ್, ಕಾರ್ಪೆಟ್ ಅಡಿ, ನೋ ಕ್ಲೇಮ್ ಬೋನಸ್ ಪರಿಶೀಲಿಸಿ.

8. ಚಾಸಿ ಸಂಖ್ಯೆ, ಎನ್‌ಒಸಿ, ಸಾಲ, ತೆರಿಗೆ ನೋಡಿ.

9. ಕೊನೆಯದಾಗಿ, ಆ ಕಂಪನಿಯ ಕಾರು ಬಲ್ಲ ಮೆಕ್ಯಾನಿಕ್ ಒಬ್ಬರಿಂದ ಕಾರನ್ನು ಮೇಲೆತ್ತಿ ಪೂರ್ತಿ ತಪಾಸಣೆ ಮಾಡಿಸಿ. ಆ ಮೆಕ್ಯಾನಿಕ್ಕನ್ನು ನೀವೇ ಆರಿಸಬೇಕು, ಮಾರುವವರು ಸೂಚಿಸಿದವರು ಬೇಡ. ಅದಕ್ಕೆ ಕೆಲವು ಸಾವಿರ ಖರ್ಚಾಗಿ, ‘ಈ ಕಾರು ಬೇಡ’ ಎಂಬ ಉತ್ತರ ಬಂದರೂ ಆ ದುಡ್ಡು ವ್ಯರ್ಥವಾಗಿಲ್ಲ.

ಮುಂದಿನ ಸಲ ‘ಬರೀ 14 ಸಾವಿರ ಕಿಲೋಮೀಟರ್’ ಎಂಬ ಮೆಸೇಜು ಬಂದಾಗ ಫೋಟೋ ನೋಡಿ ಖುಷಿಪಡಿ. ಗುಂಪಿನಲ್ಲಿ ಯಾರಾದರೂ ‘ತಗೊಳ್ಳೋಣ ಅಂತಿದ್ದೀನಿ’ ಎಂದರೆ ಈ ಪಟ್ಟಿಯನ್ನು ಅವರಿಗೆ ಕಳಿಸಿ.